ಸಾಹುಕಾರರ ಭಾರಕ್ಕೆ ಕೂತ ಕಾರು

ದಾರಿ ಬದಿಯಲ್ಲಿ ನಿಂತ ಯಾವ ಕಾರು ಕಂಡರೂ ನನ್ನ ಬಲಗೈ ತಾನಾಗಿ ಅದರ ಹಿಂದಿನ ಚಕ್ರದ ಕಡೆ ಹೋಗುತ್ತದೆ. ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ಎಷ್ಟು ಜಾಗವಿದೆ ಎಂದು ನೋಡುತ್ತೇನೆ. ಮೊನ್ನೆ ಚಿತ್ರದುರ್ಗದ ಪೇಟೆಯಲ್ಲಿ ಹೀಗೆ ನೋಡುತ್ತಿದ್ದಾಗ ಕಾರಿನ ಯಜಮಾನ ಓಡಿ ಬಂದು, "ಏನಜ್ಜ, ಟೈರ್ ಬಿಚ್ಚಾಕ್ ನೋಡ್ತಿದ್ದೀಯಾ?" ಎಂದು ಗದರಿದ. ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಕೈ ಕೇಳುವುದಿಲ್ಲಪ್ಪ ಎಂದು ಅವನಿಗೆ ಹೇಗೆ ಹೇಳಲಿ? ಸುಮ್ಮನೆ ನಕ್ಕು ಬಂದೆ.

ಈಗ ಗಾಡಿ ರಿಪೇರಿ ಕೆಲಸಕ್ಕೆ ಬರುತ್ತಿರುವ ಹುಡುಗರು ನನ್ನನ್ನು ಕೇಳುವುದು ಒಂದೇ ಮಾತು: ಕಂಪ್ಯೂಟರು, ಅಳತೆಯ ಯಂತ್ರ ಏನೂ ಇಲ್ಲದೆ ಗಾಡಿಗಳನ್ನು ಹೇಗೆ ಸರಿ ಮಾಡುತ್ತಿದ್ದಿರಿ? ಎಷ್ಟೋ ಸಲ ಸರಿ ಮಾಡುತ್ತಿರಲಿಲ್ಲ, ಅದು ನಿಜ. ಹಳೆಯ ಕಾಲವೇ ಚಂದ ಎಂದು ಹೇಳುವ ಮುದುಕ ನಾನಲ್ಲ. ನಿಮ್ಮ ಯಂತ್ರ ನಮ್ಮ ಬೆರಳಿಗಿಂತ ಮೇಲು. ಆದರೂ ನಾನು ಕೆಲಸ ಕಲಿತ ಶೆಡ್ಡು ಈಗ ಇದ್ದಿದ್ದರೆ, ನಾಳೆ ಬೆಳಿಗ್ಗೆ ಎದ್ದು ಬಾ ಎಂದು ಯಾರಾದರೂ ಕರೆದಿದ್ದರೆ, ಮಂಡಿ ನೋವನ್ನೂ ಲೆಕ್ಕಿಸದೆ ಹೋಗುತ್ತಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಹಿರಿಯೂರು ಹತ್ತಿರದ ಆದಿವಾಲದಲ್ಲಿ, ಕುರಿ ಸಾಕುವ ಮನೆಯಲ್ಲಿ. ನಾನು ಕುರಿ ಬಿಟ್ಟು ಕಬ್ಬಿಣ ಹಿಡಿದದ್ದು ಅಪ್ಪನಿಗೆ ಕೊನೆಯವರೆಗೂ ಸಮಾಧಾನವಾಗಲಿಲ್ಲ. "ಕುರಿ ಮರಿ ಹಾಕ್ತೈತೆ, ನಿನ್ ಬಸ್ಸು ಏನ್ ಹಾಕ್ತೈತಲೇ?" ಎಂದು ಕೇಳುತ್ತಿದ್ದ. "ಹೊಗೆ ಹಾಕ್ತೈತೆ, ಸುಮ್ಕಿರು" ಎಂದು ಅವ್ವ ಅವನ ಬಾಯಿ ಮುಚ್ಚಿಸುತ್ತಿದ್ದಳು. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ನಾನು ಚಿತ್ರದುರ್ಗದ ಒಬ್ಬ ಸಾಹುಕಾರರ ಬಸ್ ಶೆಡ್ಡು ಸೇರಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಧರ್ಮಪುರ ಎಲ್ಲ ಕಡೆಗೂ ಅವರ ಬಸ್ಸುಗಳು ಓಡುತ್ತಿದ್ದವು. ರಸ್ತೆ ಎಂಬುದು ಹೆಸರಿಗೆ ಮಾತ್ರ ಇದ್ದದ್ದರಿಂದ ಶೆಡ್ಡಿನಲ್ಲಿ ಹೆಚ್ಚಿನ ಕೆಲಸ ಕಮಾನು ಪಟ್ಟಿಯದೇ. ಬಸ್ಸಿನ ಅಡಿಯಲ್ಲಿ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು ಇರುತ್ತಿದ್ದವಲ್ಲ, ಅವು. ಗಾಡಿಯ ಭಾರವನ್ನೆಲ್ಲ ಹೊರುವುದು ಅವೇ. ಭಾರ ಹೊತ್ತು ಹೊತ್ತು ಬಾಗು ಹೋಗಿ ಚಪ್ಪಟೆಯಾದಾಗ ಬಿಚ್ಚಿ, ಸುತ್ತಿಗೆಯಲ್ಲಿ ಬಡಿದು ಮತ್ತೆ ಬಾಗಿಸಿ ಕೂರಿಸಬೇಕು.

ಅದನ್ನು ಕಲಿಸಿದವರು ರಂಗಪ್ಪ ಮೇಸ್ತ್ರಿ. ಧರ್ಮಪುರದವರು. ಖುಷಿಯಾದಾಗ ಕನ್ನಡ, ಸಿಟ್ಟು ಬಂದಾಗ ತೆಲುಗು. ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಅವರ ಬಾಯಿಂದ ಯಾವ ಭಾಷೆ ಬರುತ್ತದೆ ಎಂದು ಕೇಳಿಸಿಕೊಂಡೇ ನಾವು ಒಳಗೆ ಹೋಗುತ್ತಿದ್ದೆವು. ಅವರ ಪದ್ಧತಿ ಒಂದಿತ್ತು: ಹೊಸದಾಗಿ ಪಟ್ಟಿ ಕೂರಿಸಿದ ಗಾಡಿಯನ್ನು ಖಾಲಿಯಾಗಿ ನೋಡಬಾರದು. ಜನ ತುಂಬಿದಾಗ ಹೇಗಿರುತ್ತದೆಯೋ ಹಾಗೆ ಶೇಂಗಾ ಮೂಟೆ ಹೇರಿ, ಆಮೇಲೆ ಟೈರಿನ ಮೇಲೆ ಬೆರಳಿಡಬೇಕು. ಕಾಲೇಜಿಗೆ ಹೋಗುವ ಹುಡುಗನಾಗಲಿ, ತವರಿಗೆ ಹೋಗುವ ಬಾಣಂತಿಯಾಗಲಿ, ಮೇಸ್ತ್ರಿಯ ಲೆಕ್ಕದಲ್ಲಿ ಎಲ್ಲರೂ ಶೇಂಗಾ ಮೂಟೆಗಳೇ.

ಎಡವಟ್ಟುಗಳೂ ಕಡಿಮೆ ಇರಲಿಲ್ಲ. ಒಮ್ಮೆ ಹೊಳಲ್ಕೆರೆ ಬಸ್ಸಿಗೆ ಎಡಗಡೆ ಒಂದು ಪಟ್ಟಿ ಹೆಚ್ಚಾಗಿ ಬಿತ್ತು. ಯಾರು ಹಾಕಿದರು ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಬಸ್ಸು ಸೊಂಟದ ಮೇಲೆ ಕೊಡ ಇಟ್ಟುಕೊಂಡ ಹೆಂಗಸಿನ ಹಾಗೆ ಓರೆಯಾಗಿ ಹೊರಟಿತು. ಕಂಡಕ್ಟರ್ ಜಾಣ. ದಪ್ಪಗಿದ್ದವರನ್ನೆಲ್ಲ ಎಡಕ್ಕೆ, ಸಣಕಲರನ್ನೆಲ್ಲ ಬಲಕ್ಕೆ ಕೂರಿಸಿಕೊಂಡು ಹೊಳಲ್ಕೆರೆ ಮುಟ್ಟಿಸಿದ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಆಗಿ ದಾರಿಯುದ್ದಕ್ಕೂ ಜಗಳ. ಸಂಜೆ ಬಸ್ಸು ವಾಪಸು ಬಂದಾಗ ಮೇಸ್ತ್ರಿ ಮಾತಾಡಿದ ತೆಲುಗು ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ, ಅರ್ಥವಾಗದೇ ಇದ್ದದ್ದೇ ಒಳ್ಳೆಯದಾಯಿತು.

ಇನ್ನು ಆ ಕಾರಿನ ವಿಷಯ. ನಾಲ್ಕು ಬಾಗಿಲಿನ ಪರದೇಶದ ಕಾರು. ನೋಡಲು ಸಂಸಾರಸ್ಥರು ಕೂರುವ ಸಾಧಾರಣ ಕಾರಿನ ಹಾಗೇ ಇತ್ತು, ಒಳಗಿನ ಇಂಜಿನ್ ಮಾತ್ರ ಓಟದ್ದು. ಊರು ಬಿಟ್ಟು ಹೋಗುತ್ತಿದ್ದ ಯಾರೋ ವಿದೇಶಿಯರಿಂದ ಸಾಹುಕಾರರು ಬೆಂಗಳೂರಿನಲ್ಲಿ ಶೋಕಿಗೆ ಕೊಂಡು ತಂದಿದ್ದರು. ತಂದ ಮೇಲೆ ಅದರ ವೇಗ ಕಂಡು ಅವರಿಗೇ ಹೆದರಿಕೆಯಾಗಿ ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿಬಿಟ್ಟರು. ಹೆದರದೆ ಅದನ್ನು ಹೊರಗೆ ತೆಗೆದವರು ಅವರ ಒಬ್ಬಳೇ ಮಗಳು ಗಿರಿಜಕ್ಕ.

ಗಿರಿಜಕ್ಕ ಬೆಂಗಳೂರಿನಲ್ಲಿ ಓದು ಮುಗಿಸಿ ಬಂದಿದ್ದರು. ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಾರಿನ ಕೆಳಗೆ ಬಗ್ಗಿ ನೋಡುತ್ತಿದ್ದರು. "ರಂಗಪ್ಪಣ್ಣ, ಇದು ಯಾಕೆ ಹಿಂಗೆ ಕೂಗ್ತೈತೆ?" ಎಂದು ಕೇಳಿ, ಹೇಳಿದ್ದನ್ನು ಮರುದಿನ ನಮಗೇ ತಿರುಗಿಸಿ ಹೇಳುತ್ತಿದ್ದರು. ಕಾರಿನ ಹಿಂಭಾಗಕ್ಕೂ ಬಸ್ಸಿನ ಹಾಗೆ ಕಮಾನು ಪಟ್ಟಿಯೇ ಇತ್ತು. ಆದರೆ ಪಟ್ಟಿ ಭಾರ ಹೊರುತ್ತದೆ, ಅದರ ಕುಣಿತವನ್ನು ಹಿಡಿದು ನಿಲ್ಲಿಸುವುದು ಪಕ್ಕದ ಶಾಕ್ ಅಬ್ಸಾರ್ಬರ್ ಎಂಬುದನ್ನು ನನಗೆ ಬಿಡಿಸಿ ಹೇಳಿದವರು ಅವರೇ. ಬಸ್ಸಿನಲ್ಲಿ ಅದು ಕೆಟ್ಟರೆ ನಾವು ಬಿಚ್ಚಿ ಎಸೆಯುತ್ತಿದ್ದೆವು, ಅಷ್ಟೇ.

ಅವರ ಮೇಲೆ ನಿನಗೆ ಮನಸ್ಸಿತ್ತೇ ಎಂದು ನನ್ನ ಹೆಂಡತಿಯೇ ಒಮ್ಮೆ ಕೇಳಿದ್ದಾಳೆ. ಇತ್ತು ಎಂದೇ ಹೇಳಿದೆ. ಸಾಹುಕಾರರ ಮಗಳು ನನಗೆ ಸಿಗಬೇಕು ಎಂಬ ಹುಚ್ಚು ಇರಲಿಲ್ಲ. ಅವರು ಶೆಡ್ಡಿಗೆ ಬರುತ್ತಿರಬೇಕು, ಆ ಕಾರಿನ ಸದ್ದು ಬೆಟ್ಟದ ಕಡೆಯ ತಿರುವಿನಲ್ಲಿ ಕೇಳುತ್ತಿರಬೇಕು, ಅಷ್ಟು ಸಾಕಿತ್ತು. ಬಾರದ ದಿನ ಸುತ್ತಿಗೆ ಎರಡರಷ್ಟು ಭಾರ ಅನ್ನಿಸುತ್ತಿತ್ತು.

ಆ ವರ್ಷ ಬೆಂಗಳೂರಿನ ಒಂದು ಕ್ಲಬ್ಬಿನವರು ಕಾರುಗಳ ಓಟ ಗೊತ್ತುಮಾಡಿದರು. ಬೆಂಗಳೂರಿನಿಂದ ಹೊರಟು ಹಿರಿಯೂರು, ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಸುತ್ತಿ ಗೊತ್ತಾದ ಹೊತ್ತಿನೊಳಗೆ ಮತ್ತೆ ಹಿರಿಯೂರಿಗೆ ಬಂದು ಮುಗಿಸಬೇಕು. ಗಿರಿಜಕ್ಕ ಅಪ್ಪನ ಮುಂದೆ ನಿಂತು, "ಅಪ್ಪಾಜಿ, ನಾನು ಹೊತ್ತಿಗೆ ಸರಿಯಾಗಿ ಹಿರಿಯೂರು ಮುಟ್ಟಿದ್ರೆ ಶೆಡ್ಡು ನನ್ ಕೈಗೆ ಕೊಡ್ಬೇಕು" ಎಂದರು.

ಸಾಹುಕಾರರು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಮುಟ್ಟದಿದ್ರೆ?"

"ಮುಟ್ಟದಿದ್ರೆ ನೀವು ಹೇಳ್ದಂಗೆ ಕೇಳ್ತೀನಿ."

"ಮುಟ್ಟದಿದ್ರೆ ಕಾರು ಮಾರ್ತೀನಿ, ದಾವಣಗೆರೆ ಸಂಬಂಧಕ್ಕೆ ಹೂಂ ಅಂತೀನಿ. ಅದೂ ರಂಗಪ್ಪ ಗಾಡಿ ಸರಿ ಐತೆ ಅಂದ್ರೆ ಮಾತ್ರ ಹೊರಡೋದು. ಅವ್ನು ಇಲ್ಲ ಅಂದ್ರೆ ಇಲ್ಲ."

ಹೀಗೆ ಗಿರಿಜಕ್ಕನ ಹಣೆಬರಹ ಮೇಸ್ತ್ರಿಯ ಬೆರಳಿನ ಮೇಲೆ ಬಂದು ಕೂತಿತು. ನನ್ನದೂ ಅದರ ಜೊತೆಗೇ ಕೂತಿತ್ತು, ಅದನ್ನು ಯಾರೂ ಕೇಳಲಿಲ್ಲ.

ಹಳೆಯ ಪಟ್ಟಿಗಳು ಸೋತಿದ್ದವು. ಮುಂದಿನ ಚಕ್ರಗಳಿಗೂ ಹಿಂದಿನವಕ್ಕೂ ಗಟ್ಟಿ ಜಾತಿಯ ಶಾಕ್ ಅಬ್ಸಾರ್ಬರನ್ನು ಗಿರಿಜಕ್ಕ ಯಾರ್ಯಾರನ್ನೋ ಹಿಡಿದು ತರಿಸಿದರು. ಪಟ್ಟಿಗಳನ್ನು ನಾವು ಬಿಚ್ಚಿ, ಒಂದು ಹೊಸದನ್ನು ಸೇರಿಸಿ, ಬಡಿದು ಬಾಗಿಸಿದೆವು. ಬಸ್ಸಿನ ಪಟ್ಟಿ ಬಡಿದ ಕೈಗೆ ಅದು ತೀರ ಸಣ್ಣ ಕೆಲಸ. ಮೇಸ್ತ್ರಿ ಮಾತ್ರ ಬೇರೆ ಯಾರನ್ನೂ ಹತ್ತಿರ ಬಿಡದೆ ತಾವೇ ಕೂತು ಬಡಿದರು. ಪಟ್ಟಿಯ ತುದಿಯ ತೂತಿಗೆ ಟೈರಿನ ರಬ್ಬರಿನಿಂದ ಬುಷ್ ಕತ್ತರಿಸಿ ಹಾಕಿದೆವು. ಕಾರಿನ ಕೆಳಗೆ ಮಲಗಿ ಬೋಲ್ಟು ಬಿಗಿದದ್ದಿದೆಯಲ್ಲ, ನನ್ನ ಜೀವಮಾನದಲ್ಲಿ ಅಷ್ಟು ಸುಖದ ಕೆಲಸ ಮತ್ತೆ ಮಾಡಲಿಲ್ಲ ಅನ್ನಿಸುತ್ತದೆ.

ಕೂರಿಸಿ ಮುಗಿಸಿದ ದಿನ ಗಿರಿಜಕ್ಕ ಕ್ಲಬ್ಬಿನಲ್ಲಿ ಹೆಸರು ಕೊಡಲು ಬೆಂಗಳೂರಿಗೆ ಹೋಗಿದ್ದರು. ಮೇಸ್ತ್ರಿ ಎಂದಿನಂತೆ, "ಮೂಟೆ ತರ್ರಿ" ಎಂದರು. ನಾವು ಕಾರಿನ ಹಿಂದಿನ ಸೀಟಿಗೆ ಎರಡು ಶೇಂಗಾ ಮೂಟೆ ಹೇರಿದೆವು. ಟೈರಿನ ಮೇಲೆ ನಾಲ್ಕು ಬೆರಳು ಹಿಡಿಸಿತು, ಅದೇ ಹದ. ಸರಿ ಎಂದು ಮೂಟೆ ಇಳಿಸುವಷ್ಟರಲ್ಲಿ ಸಾಹುಕಾರರು ಬಂದರು. "ನಡೀರಿ ನೋಡಾಣ, ಏನ್ ಮಾಡಿದ್ದೀರಿ ಅಂತ" ಎಂದು ಹಿಂದೆ ಹತ್ತಿ ಕೂತರು. ಅವರೂ ಎರಡು ಮೂಟೆಯ ಆಳು. ಡ್ರೈವರ್ ಹಿರಿಯೂರು ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿಕೊಂಡು ಬಂದ. ಇಳಿದಾಗ ಅವರ ಬಾಯಲ್ಲಿದ್ದ ಎಲೆಅಡಿಕೆ ಕೂಡ ಅಲುಗಾಡಿರಲಿಲ್ಲ. "ರಂಗಪ್ಪ, ಮನೇಲಿ ಉಯ್ಯಾಲೆ ಮೇಲೆ ಕೂತಂಗೈತಪ್ಪ. ಹೋಗ್ಲಿ ಬಿಡು ಹುಡುಗಿ" ಎಂದರು. ಅವತ್ತು ಶೆಡ್ಡಿನಲ್ಲಿ ಎಲ್ಲರಿಗೂ ಮಂಡಕ್ಕಿ ಮಿರ್ಚಿ.

ಓಟದ ಹಿಂದಿನ ದಿನ ಗಿರಿಜಕ್ಕ ಕಾರನ್ನು ಹೊಳಲ್ಕೆರೆ ರಸ್ತೆಗೆ ಒಯ್ದರು. ಜೊತೆಗೆ, ಓಟದಲ್ಲಿ ಪಕ್ಕ ಕೂತು ದಾರಿ ಹೇಳಬೇಕಿದ್ದ ಅವರ ಗೆಳತಿ ನಳಿನಿ. ಇಬ್ಬರೂ ಸಣ್ಣ ಆಳು. ಬೇಗನೇ ತಿರುಗಿ ಬಂದರು. ಗಿರಿಜಕ್ಕನ ಮುಖ ಕಪ್ಪಿಟ್ಟಿತ್ತು.

"ರಂಗಪ್ಪಣ್ಣ, ತಿರುವಿನಾಗೆ ಹಿಂದಿನ ಚಕ್ರ ನೆಲ ಬಿಡ್ತಾವೆ. ಜೋರಾಗಿ ಹೋದ್ರೆ ಗದ್ದೆಗೇ. ಏನ್ ಭಾರ ಇಟ್ಟು ನೋಡಿದ್ರಿ?"

"ಮೂಟೆ ಇಟ್ಟಿದ್ವಿ, ಅಕ್ಕಾರೆ. ಆಮೇಲೆ ಸಾವ್ಕಾರ್ರು ಕೂತಿದ್ರು."

"ನಾವು ಮೂಟೇನಾ, ರಂಗಪ್ಪಣ್ಣ?"

ಮೇಸ್ತ್ರಿ ಬಗ್ಗಿ ಟೈರಿನ ಮೇಲೆ ಕೈ ಇಟ್ಟರು. ಇಡೀ ಅಂಗೈ ಒಳಗೆ ಹೋಯಿತು. ಜನ ತುಂಬುವ ಬಸ್ಸಿನ ಪದ್ಧತಿಯನ್ನು ಇಬ್ಬರು ಹೆಣ್ಣುಮಕ್ಕಳು ಕೂರುವ ಕಾರಿಗೆ ಮಾಡಿಬಿಟ್ಟಿದ್ದೆವು. ಬಿಚ್ಚಿ ಮತ್ತೆ ಬಡಿದು ಕೂರಿಸಲು ಹೊತ್ತಿಲ್ಲ. ಆ ಸಂಜೆಯೇ ಕಾರು ಬೆಂಗಳೂರಿಗೆ ಹೊರಡಬೇಕಿತ್ತು. ಸಾಹುಕಾರರ ಒಪ್ಪಿಗೆ ಆಗಲೇ ಸಿಕ್ಕಿತ್ತು, ಸುಮ್ಮನಿದ್ದರೆ ಅವರಿಗೆ ಗೊತ್ತಾಗುತ್ತಲೂ ಇರಲಿಲ್ಲ. ಮೇಸ್ತ್ರಿ ಕೈ ಒರೆಸಿಕೊಂಡು ನೇರ ಸಾಹುಕಾರರ ಮನೆಗೆ ನಡೆದರು. ಹಿಂದೆ ಗಿರಿಜಕ್ಕ, ಅವರ ಹಿಂದೆ ನಾನು.

"ಸಾವ್ಕಾರ್ರೆ, ನಿಮ್ ಭಾರಕ್ಕೆ ಕಾರು ಸರಿಯಾಗೈತೆ. ಅಕ್ಕಾರ ಭಾರಕ್ಕೆ ಸರಿಯಾಗಿಲ್ಲ. ತಪ್ಪು ನಂದೇ" ಎಂದರು ಮೇಸ್ತ್ರಿ.

ಸಾಹುಕಾರರು ಇನ್ನೇನು ಗುಡುಗುತ್ತಾರೆ ಎಂದು ನಾನು ಬಾಗಿಲ ಕಡೆ ಸರಿದೆ. ಗಿರಿಜಕ್ಕನ ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ಎರಡು ಮೂಟೆ ಹಾಕ್ಕಂಡು ಹೋಗ್ತೀನಿ, ಅಪ್ಪಾಜಿ."

ಸಾಹುಕಾರರು ಮಗಳ ಮುಖ ನೋಡಿದರು. "ಮೂಟೆಗೆ ಬಾಯಿಲ್ಲ" ಎಂದರು. "ನಾನೇ ಕೂರ್ತೀನಿ. ನಿಧಾನ ಹೋಗು ಅಂತ ಹೇಳಾಕಾದ್ರೂ ಒಬ್ರು ಬೇಕಲ್ಲ."

ಕ್ಲಬ್ಬಿನ ನಿಯಮದಂತೆ ಓಡಿಸುವವರು, ದಾರಿ ಹೇಳುವವರು ಕೊನೆಯವರೆಗೂ ಕಾರಿನಲ್ಲಿರಬೇಕು. ಮೂರನೆಯವರು ಬೇಕಾದರೆ ಇರಬಹುದು, ಬೇಡವಾದರೆ ಇಳಿಯಬಹುದು. ಆ ಸಂಜೆ ಹಿಂದಿನ ಸೀಟಿನಲ್ಲಿ ರುಮಾಲು ಕಟ್ಟಿ, ಎಲೆಅಡಿಕೆ ಚೀಲ ಹಿಡಿದು ಸಾಹುಕಾರರು ಹೊರಟರು. ಮದುವೆ ದಿಬ್ಬಣಕ್ಕೆ ಹೊರಟವರ ಹಾಗಿದ್ದರು. ಕಾರು ಹದವಾಗಿ ಕೂತಿತ್ತು.

ಮೇಸ್ತ್ರಿಯನ್ನೂ ನನ್ನನ್ನೂ ಹೊಸದುರ್ಗದಲ್ಲಿ ನಿಲ್ಲಲು ಹೇಳಿದ್ದರು. ಅಲ್ಲಿ ಕಾರುಗಳು ತಾವು ಬಂದ ವೇಳೆ ಬರೆಸಲು ಸ್ವಲ್ಪ ಹೊತ್ತು ನಿಲ್ಲಬೇಕಿತ್ತು. ನಾವು ನಮ್ಮ ಕಂಪನಿಯ ಬಸ್ಸಿನಲ್ಲಿ ಹೋಗಿ ಒಂದು ಹುಣಸೆ ಮರದ ಕೆಳಗೆ ಕಾದು ನಿಂತೆವು. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಬರುವ ರಸ್ತೆ ಆಗ ಬಸ್ಸಿನವರೇ ಕೈಮುಗಿಯುವ ರಸ್ತೆ. ಬಂದ ಕಾರುಗಳಲ್ಲಿ ಒಂದರ ಬಾಗಿಲಿಗೆ ಹಗ್ಗ ಕಟ್ಟಿತ್ತು, ಇನ್ನೊಂದು ಹೊಗೆ ಕಾರುತ್ತಿತ್ತು. ಎಷ್ಟೋ ಬರಲೇ ಇಲ್ಲ. ಬರ್ತಾರಲ್ವಾ ಮೇಸ್ತ್ರಿ ಎಂದು ಕೇಳಿದ್ದಕ್ಕೆ ಅವರು ತೆಲುಗಿನಲ್ಲಿ ಏನೋ ಗೊಣಗಿದರು.

ಆಮೇಲೆ ಆ ಸದ್ದು ಕೇಳಿತು. ಇಂಜಿನ್ನಿನ ಜೊತೆಗೆ ಇನ್ನೊಂದು ಸದ್ದೂ ಇತ್ತು: ದಡ್, ದಡ್ ಎಂದು ಹಿಂದಿನ ಚಕ್ರಗಳ ಆಕ್ಸಲ್ ಕಾರಿನ ತಳಕ್ಕೆ ಹೊಡೆಯುವ ಸದ್ದು. ಕಾರು ನಿಂತ ಕೂಡಲೇ ಮೇಸ್ತ್ರಿ ಟೈರಿನ ಮೇಲೆ ಕೈ ಇಟ್ಟರು. ಒಂದು ಬೆರಳೂ ಹೋಗಲಿಲ್ಲ. ಹೊಸದಾಗಿ ಬಡಿದ ಪಟ್ಟಿ ಗಾಡಿ ಓಡಿದ ಮೇಲೆ ಬಾಗು ಕಳೆದು ಒಂದಿಷ್ಟು ಕೂರುತ್ತದೆ, ಅದು ನಮಗೆ ಗೊತ್ತಿದ್ದದ್ದೇ. ಬಸ್ಸಿನಲ್ಲಿ ಅದಕ್ಕೆ ವಾರಗಟ್ಟಲೆ ಬೇಕು. ಆ ರಸ್ತೆ, ಆ ವೇಗ, ಸಾಹುಕಾರರ ಭಾರ ಸೇರಿ ಅರ್ಧ ದಿನದಲ್ಲೇ ಅದು ಕೂತುಬಿಟ್ಟಿತ್ತು.

ಮೇಸ್ತ್ರಿ ಹಿಂದಿನ ಕಿಟಕಿಗೆ ಬಗ್ಗಿದರು. "ಸಾವ್ಕಾರ್ರೆ, ನೀವು ಇಳೀಬೇಕು. ಪಟ್ಟಿ ಕೂತೈತೆ. ಇನ್ನು ನಿಮ್ ಭಾರ ತಡೆಯಲ್ಲ. ನೀವಿಳಿದ್ರೆ ಅಕ್ಕಾರಿಗೆ ಸರಿಯಾಗ್ತೈತೆ."

"ನಾನಿಳಿದ್ರೆ ನಿಧಾನ ಅನ್ನೋರು ಯಾರು?" ಎಂದರು ಸಾಹುಕಾರರು. ರುಮಾಲು ಕಳಚಿ ಕುತ್ತಿಗೆಗೆ ಬಿದ್ದಿತ್ತು, ಮೀಸೆಯೆಲ್ಲ ಕೆಂಧೂಳು.

ಮುಂದಿನ ಸೀಟಿನಲ್ಲಿದ್ದ ನಳಿನಿ ನಕ್ಕುಬಿಟ್ಟರು. "ಚಿತ್ರದುರ್ಗದ ತನಕ ನಿಧಾನ ಅಂತಿದ್ರು. ಹೊಳಲ್ಕೆರೆ ದಾಟಿದ ಮೇಲೆ ಹೊಡಿ ಮಗಳೇ, ಅವ್ನನ್ನ ಹಿಂದೆ ಹಾಕು ಅಂತ ನನ್ನ ಸೀಟು ಗುದ್ದಿ ಗುದ್ದಿ ಸಾಕು ಮಾಡಿದ್ರು!"

ಗಿರಿಜಕ್ಕ ನಗಲಿಲ್ಲ. ಸ್ಟೇರಿಂಗ್ ಹಿಡಿದೇ ಹಿಂದೆ ತಿರುಗಿ ಅಪ್ಪನನ್ನು ನೋಡಿದರು. ಇಳಿಯಿರಿ ಎನ್ನಲಿಲ್ಲ, ಇರಿ ಎಂದೂ ಅನ್ನಲಿಲ್ಲ. ಸಾಹುಕಾರರು ಸೀಟಿನ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಬಾಗಿಲು ತೆಗೆದು, ಒಂದು ಕಾಲು ಇಳಿಸಿ, ಸ್ವಲ್ಪ ತಡೆದು, ಇನ್ನೊಂದನ್ನೂ ಇಳಿಸಿದರು. ಅವರು ಇಳಿದ ಹಾಗೆ ಕಾರಿನ ಹಿಂಭಾಗ ಮೆಲ್ಲಗೆ ಮೇಲೆದ್ದಿತು. ಮೇಸ್ತ್ರಿ ಕೈ ಇಟ್ಟು ನೋಡಿ ನನ್ನತ್ತ ತಲೆಯಾಡಿಸಿದರು. ನಾಲ್ಕು ಬೆರಳು.

ಕಾರು ಹೊರಟಿತು. ಊರಾಚೆಯ ಮೊದಲ ತಿರುವಿನಲ್ಲಿ ಅದು ಎಲ್ಲೂ ನೆಗೆಯದೆ, ಎಲ್ಲೂ ಬಡಿಯದೆ, ನೆಲವನ್ನು ಹಿಡಿದುಕೊಂಡೇ ತಿರುಗಿದ್ದನ್ನು ನಾನು ನೋಡಿದೆ. ನಮ್ಮ ಕೈಕೆಲಸ ಹೇಗಿರಬೇಕಿತ್ತೋ ಹಾಗೆ ಇದ್ದದ್ದನ್ನು ಮೊದಲ ಸಲ ಕಂಡದ್ದು ಅದು ದೂರ ಹೋಗುತ್ತಿದ್ದಾಗಲೇ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಗಿರಿಜಕ್ಕ ಗೆಲ್ಲಲಿಲ್ಲ, ಆದರೆ ಹೊತ್ತಿನೊಳಗೆ ಹಿರಿಯೂರು ಮುಟ್ಟಿದರು. ಶೆಡ್ಡು ಅವರ ಕೈಗೆ ಬಂತು. ಅವರ ಕೈಕೆಳಗೆ ದುಡಿದ ಕೆಲವು ವರ್ಷಗಳೇ ನನ್ನ ಪಾಲಿನ ಒಳ್ಳೆಯ ವರ್ಷಗಳು. ಗಾಡಿಯನ್ನು ಖಾಲಿಯಾಗಿಯೂ ನೋಡಬೇಕು, ತುಂಬಿಯೂ ನೋಡಬೇಕು, ಬೆರಳಿನ ಜೊತೆಗೆ ಅಳತೆಪಟ್ಟಿಯೂ ಇರಬೇಕು ಎಂದು ಪದ್ಧತಿ ಬದಲಿಸಿದರು. ಮೇಸ್ತ್ರಿ ಗೊಣಗುತ್ತಲೇ ಕಲಿತರು. ಸಾಹುಕಾರರು ತೀರಿಕೊಂಡ ಮೇಲೆ ಬಸ್ಸುಗಳು ಒಂದೊಂದಾಗಿ ಬೇರೆಯವರ ಪಾಲಾದವು, ಗಿರಿಜಕ್ಕ ಊರು ಬಿಟ್ಟರು, ನಾನು ಬೇರೆ ಬೇರೆ ಶೆಡ್ಡುಗಳಲ್ಲಿ ವಯಸ್ಸು ಕಳೆದೆ. ಒಳ್ಳೆಯ ಗಾಡಿಗಳು ಬಂದವು, ಒಳ್ಳೆಯ ಯಂತ್ರಗಳೂ ಬಂದವು. ಕಿವಿ ಮಾತ್ರ ಆ ಒಂದು ಸದ್ದನ್ನು ಇನ್ನೂ ಕಾಯುತ್ತದೆ. ಬರುವುದಿಲ್ಲ ಎಂದು ಅದಕ್ಕೆ ಗೊತ್ತಿದ್ದರೂ ಕಾಯುತ್ತದೆ.

ಹಾಗೆ ಕಾಯುವಾಗ ನನಗೆ ನೆನಪಾಗುವುದು ಹೊಸದುರ್ಗದ ಆ ರಸ್ತೆ. ಕಾರು ಹೋದ ಮೇಲೆ ಸಾಹುಕಾರರು ನಡುರಸ್ತೆಯಲ್ಲೇ ನಿಂತಿದ್ದರು. ಧೂಳು ಕರಗಿ, ಕಾರು ಚುಕ್ಕೆಯಾಗಿ, ಅದೂ ಕಾಣದಾದ ಮೇಲೂ ನಿಂತಿದ್ದರು.

"ರಂಗಪ್ಪ," ಎಂದರು ತಿರುಗದೆಯೇ, "ನಾನು ಇಳಿದಿದ್ದಕ್ಕೇ ಅದು ಹಂಗೆ ಹೋಯ್ತಾ?"

"ಹೌದು, ಸಾವ್ಕಾರ್ರೆ."

"ಹಂಗಾದ್ರೆ ಮೊದ್ಲೇ ಇಳೀಬೇಕಿತ್ತೇನೋ."

"ಇಲ್ಲ, ಸಾವ್ಕಾರ್ರೆ. ಇಲ್ಲಿಗಂಟ ನೀವು ಇರ್ಲೇಬೇಕಿತ್ತು."

ಸಾಹುಕಾರರು ಕುತ್ತಿಗೆಯ ರುಮಾಲು ತೆಗೆದು ಮುಖ ಒರೆಸಿಕೊಂಡರು. ಒರೆಸಿಕೊಳ್ಳುವುದು ಬಹಳ ಹೊತ್ತು ಹಿಡಿಯಿತು. ಆಮೇಲೆ ತಮ್ಮದೇ ಬಸ್ಸು ಓಡುವ ಆ ಊರಿಗೆ ಹೊಸಬರ ಹಾಗೆ ಅತ್ತಿತ್ತ ನೋಡಿ, "ನಡೀರಪ್ಪ, ಹೋಗಾಣ. ಇಲ್ಲಿಂದ ಹಿರಿಯೂರಿಗೆ ಬಸ್ಸು ಎಲ್ಲಿ ನಿಲ್ತೈತೆ?" ಎಂದು ನನ್ನನ್ನು ಕೇಳಿದರು.